ಮುಂಗಡ ಕಟ್ಟಿದ ಹಣ ಯಾರದು?

ಆಸ್ಟ್ರಿಯಾದ ದಂಪತಿಯೊಬ್ಬರ ರಜೆ ಮುಗಿದಿತ್ತು. 1990ರ ದಶಕದ ನಡುಭಾಗ, ಗ್ರೀಸಿನ ಕ್ರೀಟ್ ದ್ವೀಪ. ವಿಮಾನ ನಿಲ್ದಾಣಕ್ಕೆ ಹೊರಟವರನ್ನು ಹೋಟೆಲಿನ ಮಾಲೀಕ ತಡೆದು, ಕೋಣೆಯ ಮತ್ತು ಊಟದ ಪೂರ್ತಿ ಬಾಬ್ತು ಕೊಟ್ಟು ಹೋಗಿ ಎಂದ. ಅವರು ಊರಲ್ಲೇ ಟೂರ್ ಕಂಪನಿಗೆ ಎಲ್ಲವನ್ನೂ ಕಟ್ಟಿ ಬಂದವರು. ಆದರೆ ಕಾರ್ತಾಗೊ ರೈಸನ್ ಎಂಬ ಆ ಕಂಪನಿ ಅಷ್ಟರಲ್ಲಿ ದಿವಾಳಿ ಎದ್ದಿತ್ತು. ಹೋಟೆಲಿನವನಿಗೆ ಅದರಿಂದ ಬಿಡಿಗಾಸೂ ಬಂದಿರಲಿಲ್ಲ. ಅವನು ಬಲ ಪ್ರಯೋಗಿಸಿ ತಡೆದಾಗ ದಂಪತಿ ಬೇರೆ ದಾರಿ ಕಾಣದೆ ಅದೇ ಕೋಣೆಗೆ ಎರಡನೇ ಸಲ ದುಡ್ಡು ತೆತ್ತು ಊರು ಸೇರಿದರು.

ಊರಲ್ಲಿ ಇನ್ನೊಂದು ಗೋಡೆ ಎದುರಾಯಿತು. ಕಂಪನಿ ಮುಳುಗಿದರೆ ಗ್ರಾಹಕರಿಗೆ ಹಣ ಕೊಡಬೇಕಿದ್ದ ವಿಮೆಯವರು ಇದು ತಮ್ಮ ಬಾಬ್ತಲ್ಲ ಎಂದರು. ವಿಮೆ ಇರುವುದು ಸಿಗದೆ ಹೋದ ಸೇವೆಗೆ. ಇವರಿಗಾದರೋ ಕೋಣೆ ಸಿಕ್ಕಿದೆ, ಊಟ ಸಿಕ್ಕಿದೆ, ವಾಪಸು ವಿಮಾನವೂ ಸಿಕ್ಕಿದೆ, ಇನ್ನೇನು ನಷ್ಟ ಎಂಬುದು ಅವರ ವಾದ. ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯದವರೆಗೆ ಹೋದ ಈ ವ್ಯಾಜ್ಯ 1998ರ ಮೇ 14ರಂದು ಮುಗಿಯಿತು. ಎರಡನೇ ಸಲ ಹಣ ಕಟ್ಟಬೇಕಾಗಿ ಬಂತೆಂದರೆ ಮೊದಲ ಸಲ ಕಟ್ಟಿದ ಹಣಕ್ಕೆ ಏನೂ ಸಿಗಲಿಲ್ಲವೆಂದೇ ಲೆಕ್ಕ, ಆದ್ದರಿಂದ ವಿಮೆ ಅದನ್ನು ಹಿಂತಿರುಗಿಸಬೇಕು ಎಂದಿತು ನ್ಯಾಯಾಲಯ.

ತೀರ್ಪು ಬಂದು ಇಪ್ಪತ್ತೊಂದು ವರ್ಷಗಳ ಮೇಲೆ, 2019ರ ಸೆಪ್ಟೆಂಬರಿನ ಒಂದು ಶನಿವಾರ, ಟ್ಯುನೀಷಿಯಾದ ಹಮ್ಮಾಮೆಟ್ ಊರಿನ ಹೋಟೆಲೊಂದರಲ್ಲಿ ಅದೇ ದೃಶ್ಯ ಮತ್ತೆ ನಡೆಯಿತು. ಗೇಟು ಹಾಕಿತ್ತು, ಕಾವಲುಗಾರರು ನಿಂತಿದ್ದರು, ಬಾಕಿ ಚುಕ್ತಾ ಮಾಡದೆ ಹೊರಗೆ ಬಿಡೆವು ಎಂದು ಬ್ರಿಟಿಷ್ ಅತಿಥಿಗಳಿಗೆ ಹೇಳಲಾಗಿತ್ತು. ಈ ಸಲ ಬಾಕಿ ಇಟ್ಟಿದ್ದ ಕಂಪನಿಯ ಹೆಸರು ಥಾಮಸ್ ಕುಕ್. ಎರಡು ದಿನಗಳಲ್ಲಿ ಅದು ಇಲ್ಲವಾಯಿತು.

ಪ್ರವಾಸ ಕಂಪನಿ ಮುಳುಗಿದಾಗ ಪ್ರವಾಸಿಗನಿಗೆ ಎರಡು ಬಗೆಯ ಕಷ್ಟ. ದೂರದೇಶದಲ್ಲಿ ಸಿಕ್ಕಿಹಾಕಿಕೊಂಡವನಿಗೆ ಮನೆಗೆ ಬರುವುದು ಹೇಗೆಂಬ ಚಿಂತೆ. ಇನ್ನೂ ಹೊರಡದವನಿಗೆ ಕಟ್ಟಿದ ಹಣದ ಚಿಂತೆ. ಮೊದಲನೆಯದು ಟಿವಿಯಲ್ಲಿ ಬರುತ್ತದೆ, ಮಂತ್ರಿಗಳು ಓಡಾಡುತ್ತಾರೆ. ಎರಡನೆಯದಕ್ಕೆ ಸಿಲುಕಿದವರ ಸಂಖ್ಯೆ ಎಷ್ಟೋ ದೊಡ್ಡದು, ಆದರೆ ಅವರು ತಮ್ಮ ತಮ್ಮ ಮನೆಗಳಲ್ಲೇ ಕುಳಿತಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅರುವತ್ತು ವರ್ಷಗಳಿಂದ ಒಂದೊಂದು ದೇಶ ಒಂದೊಂದು ಉಪಾಯ ಹೂಡಿದೆ. ಎಲ್ಲದರ ಬುಡದಲ್ಲಿರುವ ಪ್ರಶ್ನೆ ಒಂದೇ: ಹಣ ಕಟ್ಟಿದ ದಿನಕ್ಕೂ ಪ್ರವಾಸ ಮುಗಿಯುವ ದಿನಕ್ಕೂ ನಡುವೆ ಆ ಹಣ ಯಾರದು?

ಒಂದು ಶಿಲ್ಲಿಂಗಿನಿಂದ ಶುರು

1841ರ ಜುಲೈ 5ರಂದು ಇಂಗ್ಲೆಂಡಿನ ಲೆಸ್ಟರಿನಿಂದ ಹನ್ನೊಂದು ಮೈಲಿ ದೂರದ ಲಫ್ಬರೊ ಊರಿಗೆ ಒಂದು ವಿಶೇಷ ರೈಲು ಹೋಯಿತು. ಪಾನನಿರೋಧದ ಸಭೆಗೆ ಹೊರಟ ಸುಮಾರು ಐನೂರು ಜನ ತಲೆಗೊಂದು ಶಿಲ್ಲಿಂಗ್ ಕೊಟ್ಟು ಹತ್ತಿದ್ದರು. ಏರ್ಪಾಟು ಮಾಡಿದವನು ಥಾಮಸ್ ಕುಕ್. ಹಣ ಕೊಟ್ಟಲ್ಲೇ ಪ್ರಯಾಣ, ಸಂಜೆಗೆ ಮನೆ. ಆ ಏರ್ಪಾಟಿನಲ್ಲಿ ಯಾರ ಹಣವೂ ಯಾರ ಬಳಿಯೂ ತಿಂಗಳುಗಟ್ಟಲೆ ಕೂರುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ನಂತರ ಲೆಕ್ಕ ಬದಲಾಯಿತು. ಬಾಡಿಗೆ ವಿಮಾನ, ಸ್ಪೇನಿನ ಕಡಲ ತೀರದ ಹೋಟೆಲು, ಊಟ ಎಲ್ಲವನ್ನೂ ಒಂದೇ ಬೆಲೆಗೆ ಕಟ್ಟಿಕೊಡುವ ಪ್ಯಾಕೇಜು ಬಂತು. ಕಾರ್ಮಿಕ ಕುಟುಂಬಗಳೂ ಬಿಸಿಲಿನ ನಾಡಿಗೆ ಹೋಗುವಂತಾಯಿತು. ಚಳಿಗಾಲದಲ್ಲಿ ಹಣ ಕಟ್ಟಿ ಬೇಸಿಗೆಯಲ್ಲಿ ಹೋಗುವುದು ರೂಢಿಯಾಯಿತು. 1964ರಲ್ಲಿ ಫಿಯೆಸ್ಟಾ ಟೂರ್ಸ್ ಎಂಬ ಕಂಪನಿ ಮುಳುಗಿ ಸಾವಿರಾರು ಬ್ರಿಟನ್ನರು ಹೊರದೇಶದಲ್ಲಿ ಸಿಕ್ಕಿಬಿದ್ದಾಗ ಈ ರೂಢಿಯ ಅಪಾಯ ಕಂಡಿತು. ಟ್ರಾವೆಲ್ ಏಜೆಂಟರ ಸಂಘವಾದ ಆಬ್ಟಾ ಮರುವರ್ಷ ಒಂದು ಕಟ್ಟುಪಾಡು ಮಾಡಿತು: ಸಂಘದ ಸದಸ್ಯರು ಸದಸ್ಯರೊಂದಿಗೆ ಮಾತ್ರ ವ್ಯವಹಾರ ಮಾಡಬೇಕು. 1973ರಲ್ಲಿ ಸರ್ಕಾರವೇ ಅಟಾಲ್ ಎಂಬ ಪರವಾನಗಿ ವ್ಯವಸ್ಥೆ ತಂದಿತು; ವಿಮಾನ ಪ್ರವಾಸ ಮಾರುವವರು ಬಾಂಡ್ ಇಡಬೇಕಾಯಿತು.

ಮರುವರ್ಷವೇ ಅದರ ಪರೀಕ್ಷೆ ನಡೆಯಿತು. 1974ರ ಆಗಸ್ಟ್ 15, ರಜೆಯ ಋತು ತುಂಬಿ ತುಳುಕುವ ಹೊತ್ತು, ಕೋರ್ಟ್ ಲೈನ್ ಎಂಬ ವಿಮಾನ-ಹಡಗು ಸಂಸ್ಥೆಯೂ ಅದರ ಕೈಕೆಳಗಿನ ಕ್ಲಾರ್ಕ್‌ಸನ್ಸ್ ಟೂರ್ ಕಂಪನಿಯೂ ಒಟ್ಟಿಗೆ ಕುಸಿದವು. ಹೊರದೇಶದಲ್ಲಿದ್ದವರು ಸುಮಾರು ಐವತ್ತು ಸಾವಿರ. ಹಣ ಕಟ್ಟಿ ಇನ್ನೂ ಹೊರಡದವರು ಅದಕ್ಕಿಂತ ಹೆಚ್ಚು. ಹೋದವರನ್ನು ಕರೆತರಲು ಬಾಂಡಿನ ಹಣ ಒದಗಿತು, ಹೋಗದವರ ಪಾಲಿಗೆ ಏನೂ ಉಳಿಯಲಿಲ್ಲ. ಇನ್ನೊಂದು ಮುಜುಗರವೂ ಇತ್ತು. ಕೆಲವೇ ವಾರಗಳ ಹಿಂದೆ, ಕಂಪನಿಯ ಹಡಗುಕಟ್ಟೆಗಳನ್ನು ಸರ್ಕಾರ ಕೊಳ್ಳುವುದಾಗಿ ಸಂಸತ್ತಿಗೆ ತಿಳಿಸಿದ ಮಂತ್ರಿ ಟೋನಿ ಬೆನ್, ಇದರಿಂದ ರಜೆ ಕಾಯ್ದಿರಿಸಿದವರ ಸ್ಥಿತಿಯೂ ಭದ್ರವಾಗುತ್ತದೆಂಬ ಅರ್ಥ ಬರುವಂತೆ ಮಾತಾಡಿದ್ದರು. ಅದನ್ನು ನಂಬಿ ಹಣ ಕಟ್ಟಿದವರಿದ್ದರು. ಸಂಸತ್ತಿನ ಓಂಬುಡ್ಸ್‌ಮನ್ ಆಮೇಲೆ ಸರ್ಕಾರವನ್ನೇ ತಪ್ಪುಗಾರನೆಂದ. 1975ರಲ್ಲಿ ಕಾನೂನು ಮಾಡಿ, ಹೊಸದಾಗಿ ಪ್ಯಾಕೇಜು ಕೊಳ್ಳುವವರಿಂದ ಸಣ್ಣ ಲೆವಿ ಎತ್ತಿ, ಹಳಬರ ನಷ್ಟ ತುಂಬುವ ನಿಧಿಯೊಂದನ್ನು ಕಟ್ಟಲಾಯಿತು.

ಮುಂದಿನ ಇತಿಹಾಸ ಇದೇ ಲಯದಲ್ಲಿ ನಡೆಯುತ್ತದೆ. 1991ರಲ್ಲಿ ಇಂಟಸನ್ ಟೂರ್ ಕಂಪನಿಯ ಒಡೆಯ ಐಎಲ್‌ಜಿ ಬಿತ್ತು. 2008ರ ಸೆಪ್ಟೆಂಬರಿನಲ್ಲಿ ಟೂರ್ ಕಂಪನಿ ಎಕ್ಸ್‌ಎಲ್ ಬಿತ್ತು, ಮರುವರ್ಷ ತಲೆಗೆ 1 ಪೌಂಡ್ ಇದ್ದ ನಿಧಿಯ ವಂತಿಗೆ 2.50 ಪೌಂಡ್ ಆಯಿತು. ಒಂದೊಂದು ಕಟ್ಟೆಯನ್ನೂ ಕಳೆದ ಸಲದ ನೆರೆಯ ಮಟ್ಟ ನೋಡಿಯೇ ಕಟ್ಟಿದ್ದು.

ಗೊತ್ತಿಲ್ಲದೆ ಕೊಟ್ಟ ಸಾಲ

ಪ್ರವಾಸದ ಕಂಪನಿಗಳೇ ಏಕೆ ಹೀಗೆ ಒಂದೇ ರಾತ್ರಿಯಲ್ಲಿ ಕುಸಿಯುತ್ತವೆ? ಉತ್ತರ ಹಣ ಬರುವ-ಹೋಗುವ ಕ್ರಮದಲ್ಲಿದೆ. ಗ್ರಾಹಕ ಜನವರಿಯಲ್ಲಿ ಕಟ್ಟುತ್ತಾನೆ. ಹೋಟೆಲಿಗೆ ಕೊಡುವುದು ಜುಲೈ ಕಳೆದ ಮೇಲೆ, ಎಷ್ಟೋ ಸಲ ಋತು ಮುಗಿದು ಎರಡು-ಮೂರು ತಿಂಗಳಿಗೆ. ನಡುವೆ ಕಂಪನಿಯ ಕೈಯಲ್ಲಿ ಬಡ್ಡಿಯಿಲ್ಲದ ದೊಡ್ಡ ಗಂಟು. ಅದರಿಂದ ಕಚೇರಿ ಬಾಡಿಗೆ, ಜಾಹೀರಾತು, ಹಳೆಯ ಸಾಲದ ಬಡ್ಡಿ ಎಲ್ಲವೂ ನಡೆಯುತ್ತವೆ. ಈ ವರ್ಷದವರ ಹಣದಲ್ಲಿ ಕಳೆದ ವರ್ಷದವರ ಹೋಟೆಲು ಬಿಲ್ಲು ತೀರುತ್ತದೆ. ಬುಕಿಂಗ್ ಏರುತ್ತಿರುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ಋತು ಕೆಟ್ಟರೆ ಗಂಟು ಕರಗುತ್ತದೆ.

ಚೀಟಿ ಕಟ್ಟಿ ಅಭ್ಯಾಸವಿರುವ ಕನ್ನಡದ ಓದುಗರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ಚೀಟಿ ಕಟ್ಟುವವಳಿಗೆ ತಾನು ಹಣವನ್ನು ಒಬ್ಬನ ಕೈಗೆ ಒಪ್ಪಿಸುತ್ತಿದ್ದೇನೆಂಬ ಅರಿವಿರುತ್ತದೆ. ಟೂರಿಗೆ ಮುಂಗಡ ಕಟ್ಟುವವಳು ತಾನು ವಸ್ತುವೊಂದನ್ನು ಕೊಂಡೆ ಎಂದುಕೊಂಡಿರುತ್ತಾಳೆ. ಕಾನೂನಿನ ಕಣ್ಣಿಗೆ ಅವಳು ಭದ್ರತೆಯಿಲ್ಲದೆ, ಬಡ್ಡಿಯಿಲ್ಲದೆ, ಕಾಗದಪತ್ರವಿಲ್ಲದೆ ಕಂಪನಿಗೆ ಸಾಲ ಕೊಟ್ಟವಳು. ಬ್ಯಾಂಕು ಸಾಲ ಕೊಡುವ ಮುನ್ನ ಕಂಪನಿಯ ಲೆಕ್ಕಪುಸ್ತಕ ತರಿಸಿ ನೋಡುತ್ತದೆ. ಅವಳು ನೋಡಿದ್ದು ಬ್ರೋಷರಿನ ಚಿತ್ರಗಳನ್ನು.

ಇಷ್ಟನ್ನು ಎಲ್ಲ ಪಂಥದವರೂ ಒಪ್ಪುತ್ತಾರೆ. ಈ ಸಾಲ ಮುಳುಗಿದರೆ ನಷ್ಟ ಹೊರುವವರು ಯಾರು ಎಂಬಲ್ಲಿ ದಾರಿಗಳು ಬೇರೆಯಾಗುತ್ತವೆ.

ಎಲ್ಲರ ಜೇಬಿನ ಚಿಲ್ಲರೆ

ಮೊದಲನೆಯದು ನಿಧಿಯ ದಾರಿ. ಎಲ್ಲ ಪ್ರವಾಸಿಗರಿಂದ ಚಿಲ್ಲರೆ ಎತ್ತಿ, ಮುಳುಗಿದ ಕಂಪನಿಯ ಗ್ರಾಹಕರಿಗೆ ಅದರಿಂದ ಕೊಡುವುದು. ಬ್ರಿಟನ್ನಿನ ಅಟಾಲ್ ಇಂದು ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. ಡೆನ್ಮಾರ್ಕಿನಲ್ಲಿ 1979ರಿಂದ ಇಂಥದೇ ನಿಧಿಯಿದೆ. ಗ್ರಾಹಕನ ಮಟ್ಟಿಗೆ ಇದಕ್ಕಿಂತ ಸುಲಭವಾದುದಿಲ್ಲ. ಕೈಯಲ್ಲೊಂದು ಪ್ರಮಾಣಪತ್ರ ಇದ್ದರೆ ಸಾಕು.

ಇದರ ಶಕ್ತಿ ಏನೆಂಬುದು ಥಾಮಸ್ ಕುಕ್ ಬಿದ್ದಾಗ ಕಂಡಿತು. 2019ರ ಸೆಪ್ಟೆಂಬರ್ 23, ಸೋಮವಾರ ನಸುಕಿನಲ್ಲಿ 178 ವರ್ಷದ ಕಂಪನಿ ಮುಚ್ಚಿತು. ಅದರ ಸುಮಾರು 6 ಲಕ್ಷ ಗ್ರಾಹಕರು ಆ ಗಳಿಗೆಯಲ್ಲಿ ಪರಸ್ಥಳದಲ್ಲಿದ್ದರು, ಅವರಲ್ಲಿ ಒಂದೂವರೆ ಲಕ್ಷ ಬ್ರಿಟನ್ನಿನವರು. ನಾಗರಿಕ ವಿಮಾನಯಾನ ಪ್ರಾಧಿಕಾರ 'ಆಪರೇಷನ್ ಮ್ಯಾಟರ್‌ಹಾರ್ನ್' ಎಂದು ಹೆಸರಿಟ್ಟು, ಸಿಕ್ಕಸಿಕ್ಕಲ್ಲಿಂದ ವಿಮಾನ ಬಾಡಿಗೆಗೆ ತಂದಿತು. ಮಲೇಷ್ಯಾದ ಎರಡು ಮಹಡಿಯ ಎ380 ಸ್ಪೇನಿನ ಪಾಲ್ಮಾದಲ್ಲಿ ಬಂದಿಳಿದು ಮ್ಯಾಂಚೆಸ್ಟರಿನ ಜನರನ್ನು ತುಂಬಿಕೊಂಡಿತು. ಎರಡು ವಾರ, 746 ವಿಮಾನ, ಸುಮಾರು 1.4 ಲಕ್ಷ ಜನ. ಬಹುಪಾಲು ಮಂದಿ ಮೊದಲೇ ನಿಗದಿಯಾಗಿದ್ದ ದಿನವೇ ಮನೆ ಸೇರಿದರು. ಆಡಳಿತದ ಕೆಲಸ ಇಷ್ಟು ಚೊಕ್ಕವಾಗಿ ನಡೆದ ಉದಾಹರಣೆ ಯಾವ ದೇಶದಲ್ಲೂ ಹೆಚ್ಚು ಸಿಗುವುದಿಲ್ಲ.

ಬಿಲ್ಲೂ ಅಷ್ಟೇ ದೊಡ್ಡದು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ಅಂದಾಜಿನಲ್ಲಿ ನಿಧಿಯ ಮೇಲೆ ಬಿದ್ದ ಹೊರೆ 48.1 ಕೋಟಿ ಪೌಂಡ್. ತೆರಿಗೆದಾರರ ಪಾಲು ಕನಿಷ್ಠ 15.6 ಕೋಟಿ. ನಿಧಿಯ ವಿರೋಧಿಗಳು ಬೆರಳು ತೋರಿಸುವುದು ಇಲ್ಲಿಗೆ. ಅಚ್ಚುಕಟ್ಟಾಗಿ ನಡೆಯುವ ಕಂಪನಿಯ ಗ್ರಾಹಕನೂ ಸಾಲದಲ್ಲಿ ಮುಳುಗಿದ ಕಂಪನಿಯ ಗ್ರಾಹಕನೂ ಅದೇ ಎರಡೂವರೆ ಪೌಂಡ್ ಕೊಡುತ್ತಾರೆ. ಹೇಗೂ ನಿಧಿಯಿದೆ ಎಂದು ಗ್ರಾಹಕ ಅಗ್ಗದ ಕಡೆಗೆ ಹೋಗುತ್ತಾನೆ; ಅಗ್ಗಕ್ಕೆ ಮಾರುವವನು ಅವನ ಹಣದಲ್ಲೇ ಜೂಜಾಡುತ್ತಾನೆ. ಈ ಆಕ್ಷೇಪಕ್ಕೆ ನಿಧಿಯ ಪರದವರು ಇದುವರೆಗೂ ತೃಪ್ತಿಕರ ಉತ್ತರ ಕೊಟ್ಟಿಲ್ಲ. ಅಪಾಯ ನೋಡಿ ವಂತಿಗೆ ಹಾಕಬಹುದೆನ್ನುತ್ತಾರೆ. ಆದರೆ ಯಾವ ಕಂಪನಿಯ ವಂತಿಗೆ ಏರಿತೆಂದು ಪೇಟೆಗೆ ಗೊತ್ತಾದ ದಿನವೇ ಆ ಕಂಪನಿಯ ಬುಕಿಂಗ್ ನಿಂತೀತು.

ಜರ್ಮನಿಯ ಒಂದು ಚೀಟಿ

ಎರಡನೆಯದು ವಿಮೆಯ ದಾರಿ. 1990ರ ಜೂನ್‌ನಲ್ಲಿ ಯುರೋಪಿಯನ್ ಸಮುದಾಯ ಪ್ಯಾಕೇಜ್ ಪ್ರವಾಸದ ನಿರ್ದೇಶನ ಹೊರಡಿಸಿ, ಕಂಪನಿ ದಿವಾಳಿಯಾದರೆ ಹಣ ವಾಪಸು ಮತ್ತು ಮನೆಗೆ ಕರೆತರುವ ಭದ್ರತೆ ಇರಲೇಬೇಕೆಂದಿತು. 1992ರ ಕೊನೆಯೊಳಗೆ ಸದಸ್ಯ ದೇಶಗಳು ಕಾನೂನು ಮಾಡಬೇಕಿತ್ತು. ಜರ್ಮನಿ ಮಾಡಲಿಲ್ಲ. 1993ರಲ್ಲಿ ಅಲ್ಲಿನ ಎರಡು ಕಂಪನಿಗಳು ಮುಳುಗಿದಾಗ ನಷ್ಟಕ್ಕೊಳಗಾದವರು ನೇರ ಸರ್ಕಾರದ ಮೇಲೆಯೇ ದಾವೆ ಹೂಡಿದರು: ನೀವು ಕಾನೂನು ಮಾಡಿದ್ದರೆ ನಮ್ಮ ಹಣ ಉಳಿಯುತ್ತಿತ್ತು. 1996ರ ಅಕ್ಟೋಬರಿನಲ್ಲಿ ಯುರೋಪಿಯನ್ ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಡಿಲ್ಲೆನ್‌ಕೋಫರ್ ಪ್ರಕರಣ ಎಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ. ಸರ್ಕಾರದ ಆಲಸ್ಯಕ್ಕೂ ಪರಿಹಾರ ಕೇಳಬಹುದೆಂಬುದು ಪ್ರವಾಸಿಗರಿಂದ ಗಟ್ಟಿಯಾದ ತತ್ವ.

ಆಮೇಲೆ ಜರ್ಮನಿ ಒಂದು ಸರಳ ಏರ್ಪಾಟು ಮಾಡಿತು. 'ಜಿಶರುಂಗ್ಸ್‌ಶೈನ್' ಎಂಬ ಭದ್ರತಾ ಚೀಟಿ ಗ್ರಾಹಕನ ಕೈಸೇರದೆ ಪ್ರವಾಸಕ್ಕೆ ಮುಂಚೆ ಹಣ ಕೇಳುವಂತಿಲ್ಲ. ಚೀಟಿಯ ಹಿಂದೆ ವಿಮಾ ಕಂಪನಿ. ವಿಮೆಯವನು ಟೂರ್ ಕಂಪನಿಯ ಲೆಕ್ಕ ನೋಡಿ ಪ್ರೀಮಿಯಂ ಹಾಕುತ್ತಾನೆ. ಅಪಾಯ ಹೆಚ್ಚಿದ್ದಲ್ಲಿ ಬೆಲೆ ಹೆಚ್ಚು. ನಿಧಿಯಲ್ಲಿರುವ ದೋಷ ಇಲ್ಲಿಲ್ಲ ಎಂಬುದು ಈ ಪಂಥದ ಹೆಮ್ಮೆ.

ಆದರೆ ಚೀಟಿಯ ಹಿಂದಿನ ಕಾನೂನಿನಲ್ಲಿ ಒಂದು ಮಿತಿ ಅಡಗಿತ್ತು: ಒಬ್ಬ ವಿಮಾದಾರ ವರ್ಷಕ್ಕೆ 11 ಕೋಟಿ ಯೂರೊಗಿಂತ ಹೆಚ್ಚು ಕೊಡಬೇಕಿರಲಿಲ್ಲ. ಥಾಮಸ್ ಕುಕ್‌ನ ಜರ್ಮನ್ ಶಾಖೆ ಮುಳುಗಿದಾಗ ಗ್ರಾಹಕರು ಕೇಳಿದ್ದು ಸುಮಾರು 28.7 ಕೋಟಿ. ಮನೆಗೆ ಕರೆತರುವ ಖರ್ಚು ಕಳೆದು ಉಳಿದದ್ದರಲ್ಲಿ ನೂರಕ್ಕೆ 17.5 ಯೂರೊ ಮಾತ್ರ ಕೊಡಬಹುದೆಂದು ವಿಮೆಯವರು ಮೊದಲಿಗೆ ಹೇಳಿದರು. 2019ರ ಡಿಸೆಂಬರಿನಲ್ಲಿ ಸರ್ಕಾರ ಉಳಿದದ್ದನ್ನು ತಾನೇ ತುಂಬುವುದಾಗಿ ಘೋಷಿಸಬೇಕಾಯಿತು. 2021ರಲ್ಲಿ ದೊಡ್ಡ ಕಂಪನಿಗಳಿಗೆಲ್ಲ ಕಡ್ಡಾಯವಾದ ರಾಷ್ಟ್ರೀಯ ನಿಧಿ ಬಂತು. 2024ರ ಜೂನ್‌ನಲ್ಲಿ ಯುರೋಪಿನ ಮೂರನೇ ದೊಡ್ಡ ಟೂರ್ ಸಂಸ್ಥೆ ಎಫ್‌ಟಿಐ ಮುಳುಗಿತು; ಹೊರಗಿದ್ದ ಹತ್ತಾರು ಸಾವಿರ ಜನರನ್ನು ಕರೆತಂದು, ಉಳಿದವರಿಗೆ ಹಣ ಮರಳಿಸಿದ್ದು ಈ ನಿಧಿಯೇ. ವಿಮೆಯ ತವರೇ ಕೊನೆಗೆ ನಿಧಿಯ ಕಡೆಗೆ ಹೊರಳಿದ್ದು ಈ ಚರ್ಚೆಯ ದೊಡ್ಡ ತಿರುವು.

ಮಿತಿಯ ಕಥೆ ಜಪಾನಿನಲ್ಲಿ ಇನ್ನೂ ಕಠೋರ. ಅಲ್ಲಿ ಟ್ರಾವೆಲ್ ಏಜೆನ್ಸಿಗಳ ಸಂಘದ ಮೂಲಕ ಠೇವಣಿ ಆಧಾರದ ಖಾತರಿಯಿದೆ. 2017ರ ಮಾರ್ಚ್‌ನಲ್ಲಿ ಟೆಲ್ಮಿ ಕ್ಲಬ್ ಎಂಬ ಅಗ್ಗದ ಟೂರ್ ಕಂಪನಿ ಮುಚ್ಚಿದಾಗ ಗ್ರಾಹಕರ ಬಾಕಿ ಸುಮಾರು 990 ಕೋಟಿ ಯೆನ್. ಖಾತರಿಯ ಮಿತಿ 12 ಕೋಟಿ ಯೆನ್. ನೂರು ಯೆನ್ ಕಟ್ಟಿದವನಿಗೆ ದಕ್ಕಿದ್ದು ಒಂದು ಯೆನ್ ಮತ್ತು ಚಿಲ್ಲರೆ.

ಮುಟ್ಟಬಾರದ ಖಾತೆ

ಮೂರನೆಯವರು ಮೂಲಕ್ಕೇ ಕೈಹಾಕುತ್ತಾರೆ. ಗ್ರಾಹಕನ ಹಣವನ್ನು ಕಂಪನಿ ಮುಟ್ಟುವುದೇ ಬೇಡ. ಪ್ರತ್ಯೇಕ ಟ್ರಸ್ಟ್ ಖಾತೆಯಲ್ಲಿರಲಿ, ಪ್ರವಾಸ ಮುಗಿದ ಮೇಲೆ ಎತ್ತಿಕೊಳ್ಳಲಿ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಟೂರ್ ಕಾನೂನಿಲ್ಲ, ಆದರೆ ಚಾರ್ಟರ್ ವಿಮಾನಗಳ ಹಣಕ್ಕೆ ಇಂಥ ಖಾತೆ ಅಥವಾ ಬಾಂಡ್ ಬೇಕೆಂಬ ಕೇಂದ್ರ ನಿಯಮವಿದೆ. ಕ್ಯಾಲಿಫೋರ್ನಿಯಾ ರಾಜ್ಯ ಟ್ರಾವೆಲ್ ಮಾರುವವರಿಗೆಲ್ಲ ಟ್ರಸ್ಟ್ ಖಾತೆಯ ಕಟ್ಟುಪಾಡು ವಿಧಿಸಿ, ಜೊತೆಗೆ ಪರಿಹಾರ ನಿಧಿಯನ್ನೂ ಇಟ್ಟಿದೆ.

ತರ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ಹಣ ಅಲ್ಲೇ ಇದ್ದರೆ ನಿಧಿಯೇಕೆ, ವಿಮೆಯೇಕೆ? ತೊಡಕು ಆಚರಣೆಯಲ್ಲಿ. ಹೋಟೆಲು ಮತ್ತು ವಿಮಾನದವರು ಮುಂಗಡ ಕೇಳುತ್ತಾರೆ. ಗ್ರಾಹಕನ ಹಣ ಮುಟ್ಟದೆ ಅದನ್ನು ಕೊಡಲು ಕಂಪನಿಗೆ ಬ್ಯಾಂಕ್ ಸಾಲ ಬೇಕು. ಸಾಲ ಸಿಗುವುದು ದೊಡ್ಡವರಿಗೆ. ಎರಡು ಮೇಜು, ಮೂರು ನೌಕರರ ಸಣ್ಣ ಆಪರೇಟರು ಬಾಗಿಲು ಹಾಕಬೇಕಾಗುತ್ತದೆ. ಬೆಲೆ ಏರುತ್ತದೆ ಎಂಬ ವಾದವೂ ಇದೆ. ಬಡ್ಡಿಯಿಲ್ಲದ ಸಾಲ ಇಷ್ಟು ದಿನ ಬೆಲೆಯನ್ನು ತಗ್ಗಿಸಿತ್ತು ಎಂದು ಉದ್ಯಮವೇ ಒಪ್ಪಿಕೊಂಡಂತಾಯಿತಲ್ಲ ಎಂಬುದು ಅದಕ್ಕೆ ಸಿಕ್ಕ ಮರುನುಡಿ. ಯಾರೂ ಕಣ್ಣಿಡದಿದ್ದರೆ ಟ್ರಸ್ಟ್ ಖಾತೆಯೂ ಬರೀ ಹೆಸರಿಗೆ ಉಳಿಯುತ್ತದೆ, ಅದು ಬೇರೆ ಮಾತು.

ಕಾರ್ಡೇ ಕಾವಲು

ನಾಲ್ಕನೆಯ ಪಂಥಕ್ಕೆ ಸರ್ಕಾರದ ಮೇಲೂ ನಿಧಿಗಳ ಮೇಲೂ ನಂಬಿಕೆ ಕಡಿಮೆ. ಗ್ರಾಹಕ ಕ್ರೆಡಿಟ್ ಕಾರ್ಡಿನಲ್ಲಿ ಕೊಡಲಿ, ಸೇವೆ ಸಿಗದಿದ್ದರೆ ಕಟ್ಟಿದ್ದನ್ನು ಕಾರ್ಡಿಗೆ ಮರಳಿಸುವ ಚಾರ್ಜ್‌ಬ್ಯಾಕ್ ಕೇಳಲಿ, ಬೇಕಿದ್ದರೆ ವಿಮೆ ಕೊಳ್ಳಲಿ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ 100 ಪೌಂಡಿಗಿಂತ ಹೆಚ್ಚಿನ, 30 ಸಾವಿರದವರೆಗಿನ ಖರೀದಿಗೆ ಕಾರ್ಡ್ ಕಂಪನಿಯೂ ಮಾರಾಟಗಾರನಷ್ಟೇ ಹೊಣೆ. ಆಸ್ಟ್ರೇಲಿಯಾ ಈ ದಾರಿ ಹಿಡಿದ ದೇಶ. ದಶಕಗಳ ಕಾಲ ಇದ್ದ ಪ್ರವಾಸ ಪರಿಹಾರ ನಿಧಿಯನ್ನೂ ಏಜೆಂಟರ ಪರವಾನಗಿಯನ್ನೂ 2014ರಲ್ಲಿ ಕೈಬಿಟ್ಟು, ಉದ್ಯಮದ ಸ್ವಯಂಪ್ರೇರಿತ ಮಾನ್ಯತೆಗೆ ಜಾಗ ಮಾಡಿಕೊಟ್ಟಿತು. 2018ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನ ಬೆಸ್ಟ್‌ಜೆಟ್ ಎಂಬ ಆನ್‌ಲೈನ್ ಏಜೆನ್ಸಿ ಮುಳುಗಿದಾಗ ಜನರಿಗೆ ಉಳಿದದ್ದು ಕಾರ್ಡು ಮತ್ತು ವಿಮೆಯ ದಾರಿಗಳೇ. ಅಲ್ಲಿಯವರೆಗೆ ಯಾರೂ ಸಣ್ಣಕ್ಷರದ ಷರತ್ತು ಓದಿರುವುದಿಲ್ಲ. ಎಷ್ಟೋ ಪ್ರವಾಸ ವಿಮೆಗಳು ಏಜೆಂಟನ ದಿವಾಳಿಯನ್ನು ಹೊರಗಿಟ್ಟೇ ಬರೆಯಲ್ಪಟ್ಟಿರುತ್ತವೆ.

ಈ ದಾರಿಯಲ್ಲಿ ಹೊರಗಿನವರಿಗೆ ಕಾಣದ ಒಂದು ಸುಳಿಯಿದೆ. ಚಾರ್ಜ್‌ಬ್ಯಾಕಿನ ಹೊಣೆ ಕೊನೆಗೆ ಬೀಳುವುದು ವ್ಯಾಪಾರಿಯ ಪರವಾಗಿ ಕಾರ್ಡಿನ ಹಣ ಪಡೆಯುವ ಬ್ಯಾಂಕಿನ ಮೇಲೆ. ಕಂಪನಿ ತಡವರಿಸುತ್ತಿದೆಯೆಂಬ ವಾಸನೆ ಬಡಿದ ಕೂಡಲೆ ಆ ಬ್ಯಾಂಕು ಹಣವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಉಸಿರು ಬಿಗಿಹಿಡಿದಾಗಲೇ ತಡವರಿಸುತ್ತಿದ್ದ ಕಂಪನಿ ನೆಲ ಕಚ್ಚುವುದು. ಗ್ರಾಹಕನನ್ನು ಕಾಯುವ ಕಾವಲುಗಾರನೇ ಕಂಪನಿಯ ಕತ್ತಿಗೆ ಹಗ್ಗ ಬಿಗಿಯುತ್ತಾನೆ. ಮುಳುಗುವ ಕಂಪನಿ ಬೇಗ ಮುಳುಗುವುದೇ ಒಳ್ಳೆಯದು, ಆಗ ಸಿಕ್ಕಿಬೀಳುವವರು ಕಡಿಮೆ ಎಂದು ಈ ಪಂಥದವರು ಹೇಳುವುದುಂಟು. ಕ್ರೂರವೆನಿಸಿದರೂ ಪೂರ್ತಿ ತಳ್ಳಿಹಾಕುವ ಮಾತಲ್ಲ.

ಗಡಿಯ ಆಚೆಗೊಂದು ಕಾಲು

ಯಾವ ಪಂಥದ ಏರ್ಪಾಟಾದರೂ ಅದಕ್ಕೊಂದು ಗಡಿ ಇರುತ್ತದೆ, ವ್ಯಾಪಾರಕ್ಕೆ ಇರುವುದಿಲ್ಲ. ಲೋಕಾಸ್ಟ್ ಟ್ರಾವೆಲ್ ಗ್ರೂಪ್ ಎಂಬ ಕಂಪನಿ ಬ್ರಿಟನ್ನಿನವರಿಗೇ ಪ್ರವಾಸ ಮಾರುತ್ತಿದ್ದರೂ 2013ರಲ್ಲಿ ತನ್ನ ನೆಲೆಯನ್ನು ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಬದಲಾಯಿಸಿತು. 2016ರ ಜುಲೈನಲ್ಲಿ ಮುಳುಗಿದಾಗ ಇನ್ನೂ ಹೊರಡದ ಗ್ರಾಹಕರು 1.1 ಲಕ್ಷದಷ್ಟು, ಅಲ್ಲಿನ ಪ್ರಾದೇಶಿಕ ಸರ್ಕಾರದ ಬಳಿ ಇದ್ದ ಬಾಂಡು 13 ಲಕ್ಷ ಯೂರೊದಷ್ಟು. ತಲೆಗೆ ಹಂಚಿದರೆ ಒಂದು ಹೊತ್ತಿನ ಊಟಕ್ಕೆ ಸಾಲದು.

ರಕ್ಷಣೆಯ ಗಡಿ ಎಲ್ಲಿಯವರೆಗೆ ಎಂಬ ಇನ್ನೊಂದು ಪ್ರಸಂಗ ನಗೆ ಬರಿಸುವಂಥದು. 1994ರಲ್ಲಿ ಆಸ್ಟ್ರಿಯಾದ ಕ್ರೋನೆನ್‌ಜೈಟುಂಗ್ ಪತ್ರಿಕೆ ಚಂದಾದಾರರಿಗೆ ಉಡುಗೊರೆಯಾಗಿ ಪ್ರವಾಸ ಕೊಡುವುದಾಗಿ ಪ್ರಕಟಿಸಿತು. ವಿಮಾನ ನಿಲ್ದಾಣದ ತೆರಿಗೆಯಂಥ ಸಣ್ಣ ಬಾಬ್ತು ಮಾತ್ರ ಕೈಯಿಂದ ಹಾಕಬೇಕು, ಜೊತೆಗೆ ಬರುವವರು ಪೂರ್ತಿ ಕಟ್ಟಬೇಕು. ಜನ ಮುಗಿಬಿದ್ದರು. ಎಷ್ಟು ಮುಗಿಬಿದ್ದರೆಂದರೆ ಆ ಜನಪ್ರವಾಹ ತಡೆಯಲಾರದೆ ಟೂರ್ ಕಂಪನಿಯೇ ದಿವಾಳಿಯಾಯಿತು. ಉಡುಗೊರೆಯ ಪ್ರವಾಸಕ್ಕೂ ರಕ್ಷಣೆಯಿದೆಯೇ? ಇದೆ ಎಂದು 1999ರ ಜೂನ್‌ನಲ್ಲಿ ಲಕ್ಸೆಂಬರ್ಗಿನ ತೀರ್ಪು ಬಂತು. ಕಂಪನಿ ಏಕೆ ಮುಳುಗಿತೆಂಬುದು ಗ್ರಾಹಕನ ತಲೆನೋವಲ್ಲ.

ಅಂತರ್ಜಾಲದಲ್ಲಿ ಒಂದು ಕಡೆ ಟಿಕೆಟ್, ಕ್ಲಿಕ್ಕಿಸಿದರೆ ಇನ್ನೊಂದು ಕಡೆ ಹೋಟೆಲು ಕೊಳ್ಳುವ ಕಾಲ ಬಂದಾಗ ಪ್ಯಾಕೇಜ್ ಎಂದರೇನೆಂಬುದೇ ಗೋಜಲಾಯಿತು. 2018ರ ಜುಲೈನಿಂದ ಜಾರಿಗೆ ಬಂದ ಯುರೋಪಿನ ಹೊಸ ನಿರ್ದೇಶನ 'ಜೋಡಿಸಿದ ಪ್ರವಾಸ ಏರ್ಪಾಟು' ಎಂಬ ನಡುವಿನ ವರ್ಗವೊಂದನ್ನು ಸೃಷ್ಟಿಸಿತು. ವಕೀಲರಿಗೇ ಅರ್ಥವಾಗದ ಈ ವರ್ಗವನ್ನು ಮತ್ತೆ ತಿದ್ದಲು 2023ರಲ್ಲಿ ಪ್ರಸ್ತಾವ ಮಂಡಿಸಬೇಕಾಯಿತು.

ನಮ್ಮ ಕಡೆಗೆ ಬಂದರೆ

ಥಾಮಸ್ ಕುಕ್ ಬಿದ್ದ ದಿನ ಭಾರತದ ಥಾಮಸ್ ಕುಕ್ ಕಚೇರಿಗಳಿಗೂ ಗಾಬರಿಯ ಕರೆಗಳು ಬಂದವು. ಅದು 2012ರಲ್ಲೇ ಕೆನಡಾದ ಫೇರ್‌ಫ್ಯಾಕ್ಸ್ ಕೈಸೇರಿದ ಬೇರೆಯೇ ಕಂಪನಿ ಎಂದು ಅವರು ಸ್ಪಷ್ಟನೆ ಕೊಡುತ್ತಿದ್ದ ಅದೇ ತಿಂಗಳುಗಳಲ್ಲಿ, ನಿಜವಾಗಿ ಮುಳುಗುತ್ತಿದ್ದದ್ದು ಇನ್ನೊಂದು ಹಳೆಯ ಹೆಸರು. 1758ರಷ್ಟು ಹಿಂದಕ್ಕೆ ತನ್ನ ಬೇರು ತೋರಿಸುವ ಕಾಕ್ಸ್ ಅಂಡ್ ಕಿಂಗ್ಸ್ 2019ರ ಜೂನ್‌ನಲ್ಲಿ ಸಾಲದ ಕಂತು ತಪ್ಪಿಸಿತು. ಅಕ್ಟೋಬರಿನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯಾದ ಮುಂಬೈಯ ಎನ್‌ಸಿಎಲ್‌ಟಿ ದಿವಾಳಿ ಅರ್ಜಿ ಅಂಗೀಕರಿಸಿತು. 2021ರ ಡಿಸೆಂಬರಿನಲ್ಲಿ ಬರಖಾಸ್ತಿಗೆ ಆದೇಶವಾಯಿತು. ಬ್ಯಾಂಕುಗಳ ಸಾವಿರಾರು ಕೋಟಿಯ ಸುದ್ದಿಯ ಅಡಿಯಲ್ಲಿ, ಯುರೋಪ್ ಟೂರಿಗೆಂದು ಲಕ್ಷಗಟ್ಟಲೆ ಕಟ್ಟಿ ಕಾದವರ ಸುದ್ದಿ ಹೂತುಹೋಯಿತು.

ಬೆಂಗಳೂರಿಗಂತೂ ಈ ಪಾಠ ಹಳೆಯದು. ಇಲ್ಲಿನ ಕಿಂಗ್‌ಫಿಶರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದವು. ಕರ್ನಾಟಕ ಹೈಕೋರ್ಟ್ ಕಂಪನಿಯನ್ನು ಮುಚ್ಚಲು ಆದೇಶಿಸಿದ್ದು 2016ರ ನವೆಂಬರಿನಲ್ಲಿ. 2019ರ ಏಪ್ರಿಲ್ 17ರಂದು ನಿಂತ ಜೆಟ್ ಏರ್‌ವೇಸ್‌ನ ಬರಖಾಸ್ತಿಗೆ ಸುಪ್ರೀಂ ಕೋರ್ಟ್ ಆದೇಶ ಬಂದದ್ದು 2024ರ ನವೆಂಬರ್ 7ರಂದು. 2023ರ ಮೇ 2ರಂದು ತಾನೇ ಹೋಗಿ ದಿವಾಳಿ ಅರ್ಜಿ ಹಾಕಿದ ಗೋ ಫಸ್ಟ್ 2025ರ ಜನವರಿಯಲ್ಲಿ ಬರಖಾಸ್ತಾಯಿತು.

2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿ ಪ್ರಕಾರ, ಅರ್ಜಿ ಅಂಗೀಕಾರವಾದ ಗಳಿಗೆಯಿಂದ ಕಂಪನಿಯ ಮೇಲಿನ ಎಲ್ಲ ದಾವೆಗಳಿಗೂ ತಡೆ. ಗ್ರಾಹಕರ ಆಯೋಗದಲ್ಲಿ ನಡೆಯುತ್ತಿದ್ದ ದೂರೂ ನಿಲ್ಲುತ್ತದೆ. ಹಣ ಹಂಚುವ ಸಾಲಿನಲ್ಲಿ ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು, ಬಳಿಕ ಕಾರ್ಮಿಕರು ಮತ್ತು ಅಡಮಾನವಿಟ್ಟುಕೊಂಡ ಸಾಲದಾತರು, ಆಮೇಲೆ ಇತರ ನೌಕರರು, ಬ್ಯಾಂಕಿನಂಥ ಇತರ ಸಾಲದಾತರು, ಸರ್ಕಾರ. ಅವರೆಲ್ಲರ ಹಿಂದೆ 'ಉಳಿದ ಸಾಲಗಳು'. ಮುಂಗಡ ಕಟ್ಟಿದ ಪ್ರವಾಸಿಗ ನಿಲ್ಲುವುದು ಅಲ್ಲಿ. ಸರಕು-ಸೇವೆಗೆ ಮುಂಗಡ ಕೊಟ್ಟವನೂ 'ಕಾರ್ಯಾಚರಣಾ ಸಾಲದಾತ' ಆಗಬಲ್ಲನೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ, ನಿರ್ಮಾಣ ಕಂಪನಿಯೊಂದು ಕೊಟ್ಟ ಮುಂಗಡದ ಪ್ರಕರಣದಲ್ಲಿ ಹೇಳಿತು. ಅದೊಂದು ಬೆಳಕಿಂಡಿ. ಆದರೆ ದಿವಾಳಿ ಅರ್ಜಿ ಹಾಕಲು ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕೆಂಬ ನಿಯಮ 2020ರಿಂದ ಇದೆ. ಕೋಟಿ ರೂಪಾಯಿಯ ಟೂರಿಗೆ ಹೋಗುವವರು ಎಷ್ಟು ಮಂದಿ?

ನಮ್ಮ ಕಾನೂನಿಗೆ ಈ ಉಪಾಯಗಳೇನೂ ಹೊಸವಲ್ಲ. 1982ರ ಚಿಟ್ ಫಂಡ್ ಕಾಯ್ದೆ ಚೀಟಿ ನಡೆಸುವವನು ಚೀಟಿಯ ಮೊತ್ತಕ್ಕೆ ಸಮನಾದ ಭದ್ರತೆ ಇಡಬೇಕೆನ್ನುತ್ತದೆ. ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಬಂದ ಮೇಲೆ ಬಿಲ್ಡರು ಗ್ರಾಹಕರ ಹಣದ ಶೇ 70ರಷ್ಟನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. ಮನೆಗೆ ಮುಂಗಡ ಕೊಟ್ಟವರನ್ನು 2018ರ ತಿದ್ದುಪಡಿ ಬ್ಯಾಂಕುಗಳ ಸಾಲಿಗೇ ಏರಿಸಿತು. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆಯಿದೆ. ಟೂರ್ ಆಪರೇಟರುಗಳಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೊಡುವ ಮಾನ್ಯತೆಯೋ, ಬೇಕಿದ್ದವರು ಪಡೆಯಬಹುದಾದ್ದು.

ಇದಕ್ಕೆ ಜೋಡಿಸಿ ನೋಡಬೇಕಾದ ಎರಡು ಸಂಗತಿಗಳಿವೆ. 2020ರ ಅಕ್ಟೋಬರ್ 1ರಿಂದ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಮಾರುವವನೇ ಟಿಸಿಎಸ್ ಎಂಬ ತೆರಿಗೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಅಂದರೆ ಒಂದೊಂದು ಪ್ಯಾಕೇಜಿನ ಹಣವನ್ನೂ ಲೆಕ್ಕಹಾಕಿ ಪಾಲು ಎತ್ತುವ ಯಂತ್ರ ಆಗಲೇ ನಡೆಯುತ್ತಿದೆ. ಆ ಪಾಲಿನಲ್ಲಿ ಪ್ರವಾಸಿಗನ ರಕ್ಷಣೆಗೆಂದು ಒಂದು ಪೈಸೆಯಿಲ್ಲ. ಇನ್ನೊಂದು, ಗೋ ಫಸ್ಟ್ ಬಿದ್ದಾಗ ವಿಮಾನ ಬಾಡಿಗೆ ಕೊಟ್ಟ ವಿದೇಶಿ ಕಂಪನಿಗಳು ತಮ್ಮ ವಿಮಾನ ಸಿಗದೆಂದು ಗಲಾಟೆ ಎಬ್ಬಿಸಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಮಾನಗಳನ್ನು ಐಬಿಸಿ ತಡೆಯಿಂದ ಹೊರಗಿಡುವ ಅಧಿಸೂಚನೆ ಬಂತು, 2025ರಲ್ಲಿ ಸಂಸತ್ತು ಅವರ ಹಿತಕ್ಕೆ ಪೂರ್ಣ ಕಾಯ್ದೆಯನ್ನೇ ಮಾಡಿತು. ಆ ವಿಮಾನಗಳ ಸೀಟಿಗೆ ಹಣ ಕೊಟ್ಟವರ ಹಿತಕ್ಕೆ ಅಂಥದೇನೂ ಬರಲಿಲ್ಲ.

ಇನ್ನೂ ಬಗೆಹರಿಯದ್ದು

ಬರೀ ವಿಮಾನದ ಟಿಕೆಟ್ ಕೊಂಡವನ ಗತಿ ಯುರೋಪಿನಲ್ಲೂ ತೂಗಾಡುತ್ತಿದೆ. ಪ್ಯಾಕೇಜಿಗೆ ರಕ್ಷಣೆಯಿದೆ, ವಿಮಾನ ಸಂಸ್ಥೆಯಿಂದ ನೇರ ಕೊಂಡ ಟಿಕೆಟ್‌ಗೆ ಸಾಮಾನ್ಯವಾಗಿ ಇಲ್ಲ. 2017ರ ಅಕ್ಟೋಬರಿನಲ್ಲಿ ಮೊನಾರ್ಕ್ ವಿಮಾನ ಸಂಸ್ಥೆ ಬಿದ್ದಾಗ ಬ್ರಿಟನ್ ಈ ಭೇದ ಮಾಡದೆ ಸುಮಾರು 85 ಸಾವಿರ ಜನರನ್ನು ಕರೆತಂದಿತು. ಕಟ್ಟದವನಿಗೂ ಊಟ ಬಡಿಸಿದ ಮೇಲೆ ಮುಂದೆ ಕಟ್ಟುವವರು ಯಾರು? ಪ್ರತಿ ಪ್ರಯಾಣಿಕನಿಗೆ 50 ಪೆನ್ಸ್‌ಗಿಂತ ಕಡಿಮೆ ಖರ್ಚಿನಲ್ಲಿ ಎಲ್ಲರಿಗೂ ರಕ್ಷಣೆ ಕೊಡಬಹುದೆಂದು ಪೀಟರ್ ಬಕ್ಸ್ ಸಮಿತಿ 2019ರ ಮೇನಲ್ಲಿ ವರದಿ ಕೊಟ್ಟಿತು. ಕಾನೂನಾಗಲಿಲ್ಲ.

ಕೋವಿಡ್ ಕಾಲದಲ್ಲಿ ಕಂಪನಿಗಳು ಹಣದ ಬದಲು ವೋಚರ್ ಕೊಟ್ಟವು. ಭಾರತದಲ್ಲೂ 2020ರ ಅಕ್ಟೋಬರ್ 1ರ ಸುಪ್ರೀಂ ಕೋರ್ಟ್ ತೀರ್ಪು, ಹಣಕಾಸಿನ ತೊಂದರೆಯಲ್ಲಿರುವ ವಿಮಾನ ಸಂಸ್ಥೆಗಳಿಗೆ ಟಿಕೆಟಿನ ಮೊತ್ತವನ್ನು 2021ರ ಮಾರ್ಚ್ 31ರವರೆಗೆ ಮುಂದಿನ ಪ್ರಯಾಣಕ್ಕೆ ಬಳಸುವ ಕ್ರೆಡಿಟ್ ಶೆಲ್‌ನಲ್ಲಿ ಇಡಲು ಅವಕಾಶ ಕೊಟ್ಟಿತು. ವೋಚರ್ ಹಿಡಿದು ಕಾಯುತ್ತಿರುವಾಗಲೇ ಕಂಪನಿ ಮುಳುಗಿದರೆ? ದಿವಾಳಿಗೆ ಮುನ್ನವೇ ಪ್ರವಾಸ ರದ್ದುಮಾಡಿ ಹಣಕ್ಕೆ ಕಾದಿದ್ದವನಿಗೂ ರಕ್ಷಣೆಯಿದೆ ಎಂದು ಯುರೋಪಿಯನ್ ನ್ಯಾಯಾಲಯ 2024ರ ಜುಲೈನಲ್ಲಿ ಹೇಳಿದೆ. ಅದರಿಂದ ಏರುವ ವಿಮೆಯ ಬೆಲೆಯನ್ನು ಸಣ್ಣ ಕಂಪನಿಗಳು ತಡೆದುಕೊಂಡಾವೇ ಎಂಬುದು ಮುಂದಿನ ಜಗಳ.

ಎಲ್ಲಕ್ಕಿಂತ ಬಿಗಿಯಾದ ಗಂಟು ಎಚ್ಚರಿಕೆಯದು. ಕಂಪನಿ ಮುಳುಗಲಿದೆಯೆಂದು ನಿಯಂತ್ರಕನಿಗೆ ಮೊದಲೇ ಗೊತ್ತಾಗುತ್ತದೆ. ಹೇಳಿದರೆ ಜನ ಹಣ ಕಟ್ಟುವುದನ್ನು ನಿಲ್ಲಿಸಿ, ಬದುಕಬಹುದಿದ್ದ ಕಂಪನಿಯೂ ಸಾಯುತ್ತದೆ. ಹೇಳದಿದ್ದರೆ ಕೊನೆಯ ದಿನ ಕಟ್ಟಿದವನ ಹಣಕ್ಕೆ ನಿಯಂತ್ರಕನೂ ಹೊಣೆಯಾಗುತ್ತಾನೆ. 1974ರಲ್ಲಿ ಮಂತ್ರಿ ಬೆನ್ ಸಿಕ್ಕಿಬಿದ್ದದ್ದು ಇದೇ ಇಕ್ಕಟ್ಟಿನಲ್ಲಿ. 2019ರ ಸೆಪ್ಟೆಂಬರ್ 22ರ ಭಾನುವಾರ ಆಪರೇಷನ್ ಮ್ಯಾಟರ್‌ಹಾರ್ನ್‌ಗೆ ಗೊತ್ತುಮಾಡಿದ್ದ ಬಾಡಿಗೆ ವಿಮಾನಗಳು ಸಿದ್ಧವಾಗಿದ್ದವು. ಥಾಮಸ್ ಕುಕ್ ಮುಚ್ಚಿತೆಂಬ ಪ್ರಕಟಣೆ ಬಂದದ್ದು ಸೋಮವಾರ ನಸುಕಿನಲ್ಲಿ.